ಅಪಘಾತದ ಗಾಯ ತಡವಾಗಿ ಕಾಡಿದಾಗ: ಪರಿಹಾರ ಕೇಳುವ ಅವಕಾಶ ಒಂದೇ ಸಲ

ಗದಗ: ಡಂಬಳದ ಮೇಲೆ ಮುಂಡರಗಿಗೆ, ಮುಳಗುಂದದ ಮೇಲೆ ಲಕ್ಷ್ಮೇಶ್ವರಕ್ಕೆ, ಅಲ್ಲಿಂದ ಶಿರಹಟ್ಟಿಗೆ ಹೋಗುವ ರಸ್ತೆಗಳಲ್ಲಿ ಕಾರು, ಸಾರಿಗೆ ಬಸ್ಸು, ಟ್ರ್ಯಾಕ್ಟರ್, ದ್ವಿಚಕ್ರ ವಾಹನ ಎಲ್ಲವೂ ಒಂದೇ ಹಾದಿಯನ್ನು ಹಂಚಿಕೊಳ್ಳುತ್ತವೆ. ಅಪಘಾತ ಸಂಭವಿಸಿದ ದಿನ ಗಾಯಾಳುವಿನ ಸುತ್ತ ಹತ್ತಾರು ಜನ ಸೇರುತ್ತಾರೆ. ಆಸ್ಪತ್ರೆ, ಪೊಲೀಸ್ ಠಾಣೆ, ವಕೀಲರ ಕಚೇರಿ ಎಂದು ಬಂಧುಗಳು ಓಡಾಡುತ್ತಾರೆ. ಆದರೆ ಆರೆಂಟು ತಿಂಗಳ ನಂತರ, ಕೂಡಿತೆಂದು ನಂಬಿದ್ದ ಎಲುಬು ಕೂಡಿಯೇ ಇಲ್ಲವೆಂದು ತಿಳಿದಾಗ, ಅಥವಾ ತಲೆಗೆ ಬಿದ್ದ ಹಳೆಯ ಪೆಟ್ಟು ಮೂರ್ಛೆರೋಗವಾಗಿ ಕಾಣಿಸಿಕೊಂಡಾಗ ಆ ಗುಂಪು ಇರುವುದಿಲ್ಲ. ಅಷ್ಟರೊಳಗೆ ಪ್ರಕರಣವೂ ಇತ್ಯರ್ಥವಾಗಿದ್ದರೆ ಹೊಸ ಚಿಕಿತ್ಸೆಗೆ ಹಣ ಕೇಳುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗಿರುತ್ತದೆ. ಇದು ಏಕೆ ಹೀಗೆ, ಇದನ್ನು ತಪ್ಪಿಸಿಕೊಳ್ಳುವುದು ಹೇಗೆ ಎಂಬುದನ್ನು ಪ್ರತಿಯೊಬ್ಬ ವಾಹನ ಸವಾರನೂ ಮೊದಲೇ ತಿಳಿದಿರುವುದು ಒಳಿತು.

ಒಂದು ಅಪಘಾತಕ್ಕೆ ಒಂದೇ ತೀರ್ಪು

ಈ ವಿಷಯದಲ್ಲಿ ಮುಖ್ಯವಾದ ತೀರ್ಪು ನಾಗಪ್ಪ ವಿರುದ್ಧ ಗುರುದಯಾಳ್ ಸಿಂಗ್ ಪ್ರಕರಣದ್ದು. 2002ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಪ್ರಕರಣದಲ್ಲಿ ಎರಡು ಮಾತುಗಳನ್ನು ಸ್ಪಷ್ಟಪಡಿಸಿತು. ಮೊದಲನೆಯದು ಗಾಯಾಳುವಿಗೆ ಅನುಕೂಲಕರವಾದದ್ದು: ಅರ್ಜಿಯಲ್ಲಿ ಕೇಳಿದ ಮೊತ್ತಕ್ಕಿಂತ ಹೆಚ್ಚು ಪರಿಹಾರ ನ್ಯಾಯೋಚಿತವೆಂದು ಸಾಕ್ಷ್ಯದಿಂದ ಕಂಡುಬಂದರೆ ನ್ಯಾಯಮಂಡಳಿ ಅದನ್ನು ನೀಡಬಹುದು. ಎರಡನೆಯದು ಎಚ್ಚರಿಕೆಯ ಮಾತು: ಅಂತಿಮ ತೀರ್ಪು ಹೊರಬಿದ್ದ ಮೇಲೆ ಮುಂದೆ ತಗಲುವ ವೈದ್ಯಕೀಯ ವೆಚ್ಚಕ್ಕಾಗಿ ಮತ್ತೊಂದು ತೀರ್ಪು ನೀಡಲು ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವಿಲ್ಲ. ಆದ್ದರಿಂದ ಭವಿಷ್ಯದಲ್ಲಿ ಬರಬಹುದಾದ ಖರ್ಚನ್ನು ತೀರ್ಪು ನೀಡುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದರ ತಾತ್ಪರ್ಯ ಇಷ್ಟೇ: ತೀರ್ಪಿಗೆ ಮುನ್ನ ಕಡತಕ್ಕೆ ಸೇರದ ತೊಂದರೆ ಪರಿಹಾರದ ಲೆಕ್ಕಕ್ಕೂ ಸೇರುವುದಿಲ್ಲ. ನಾಳೆ ಆಗಬೇಕಾದ ಶಸ್ತ್ರಚಿಕಿತ್ಸೆಯ ಸಂಭವವನ್ನು ಇಂದೇ ವೈದ್ಯರ ಹೇಳಿಕೆಯ ಮೂಲಕ ಸಾಬೀತುಪಡಿಸುವ ಹೊಣೆ ಅರ್ಜಿದಾರನದು.

ತಡವಾಗಿ ಕಾಣುವ ತೊಂದರೆಗಳು

ಕೆಲವು ಗಾಯಗಳ ಸ್ವಭಾವವೇ ಹೀಗಿರುತ್ತದೆ. ಕಾಲಿನ ಎಲುಬಿಗೆ ರಾಡು ಇಲ್ಲವೇ ಪ್ಲೇಟು ಹಾಕಿದ ಬಳಿಕ ತಿಂಗಳುಗಟ್ಟಲೆ ಕಾದರೂ ಎಲುಬು ಕೂಡದಿರಬಹುದು; ಒಳಗೆ ಸೋಂಕು ತಗುಲಿ ಕೀವು ಕಟ್ಟಬಹುದು. ಕೀಲಿನ ಒಳಭಾಗದಲ್ಲಿ ಮುರಿತವಾದವರಿಗೆ ಕೆಲವು ವರ್ಷಗಳ ನಂತರ ಆ ಕೀಲು ಸವೆದು ಸಂಧಿವಾತ ಬರುವುದುಂಟು. ಸೊಂಟದ ಕೀಲು ತಪ್ಪಿದವರಲ್ಲಿ ತೊಡೆಯೆಲುಬಿನ ತಲೆಗೆ ರಕ್ತ ಪೂರೈಕೆ ನಿಂತು ಅದು ಕುಸಿಯುವ ಅಪಾಯ ಒಂದೆರಡು ವರ್ಷಗಳವರೆಗೂ ಇರುತ್ತದೆ. ವಯಸ್ಸಾದವರ ತಲೆಗೆ ಬಿದ್ದ ಸಣ್ಣ ಪೆಟ್ಟಿನಿಂದ ಮೆದುಳಿನ ಹೊದಿಕೆಯ ಕೆಳಗೆ ನಿಧಾನವಾಗಿ ರಕ್ತ ಸೇರಿ, ವಾರಗಳ ನಂತರ ತಲೆನೋವು, ಮರೆವು, ನಡಿಗೆಯಲ್ಲಿ ತಡವರಿಕೆ ಕಾಣಿಸಿಕೊಳ್ಳಬಹುದು.

ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯ ಪ್ರಕಾರ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂ. ಮಿತಿಯೊಳಗೆ ಚಿಕಿತ್ಸೆ ದೊರೆಯುತ್ತದೆ. ಇದು ಜೀವ ಉಳಿಸುವ ನೆರವು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಮೇಲೆ ಹೇಳಿದ ತೊಂದರೆಗಳಲ್ಲಿ ಹೆಚ್ಚಿನವು ತಲೆದೋರುವುದು ಆ 7 ದಿನಗಳು ಕಳೆದ ಮೇಲೆ.

ಬೆಟಗೇರಿಯ ನೇಕಾರನೊಬ್ಬನ ಲೆಕ್ಕ

ಈ ತೊಂದರೆಗಳು ಪರಿಹಾರದ ಮೊತ್ತವನ್ನು ಎಷ್ಟು ಬದಲಿಸುತ್ತವೆ ಎಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡೋಣ. ಬೆಟಗೇರಿಯ 38 ವರ್ಷದ ಕೈಮಗ್ಗದ ನೇಕಾರನೊಬ್ಬ ಬೈಕಿನಲ್ಲಿ ಬರುವಾಗ ಕಾರು ಡಿಕ್ಕಿ ಹೊಡೆದು ಮೊಣಕಾಲಿನ ಬಳಿ ಎಲುಬು ಮುರಿದಿದೆ ಎಂದುಕೊಳ್ಳಿ. ಆತನ ತಿಂಗಳ ಆದಾಯ 15,000 ರೂ. ಎಂದು ಸಾಬೀತಾಗಿದೆ. ವರ್ಷಕ್ಕೆ 1,80,000 ರೂ. ಆಯಿತು. 2017ರ ಪ್ರಣಯ್ ಸೇಠಿ ತೀರ್ಪಿನ ಪ್ರಕಾರ 40 ವರ್ಷದೊಳಗಿನ ಸ್ವಂತ ಉದ್ಯೋಗಿಯ ಆದಾಯಕ್ಕೆ ಮುಂದಿನ ಏಳಿಗೆಯ ಬಾಬ್ತು ಶೇ. 40 ಸೇರಿಸಬೇಕು. ಈ ಸೇರ್ಪಡೆ ಗಾಯಾಳುಗಳಿಗೂ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಹೇಳಿದೆ. ಅಲ್ಲಿಗೆ ವಾರ್ಷಿಕ ಆದಾಯ 2,52,000 ರೂ. ಆಗುತ್ತದೆ. 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕದಲ್ಲಿ 36ರಿಂದ 40 ವರ್ಷದವರಿಗೆ ಗುಣಕ 15. ಗುಣಿಸಿದರೆ 37,80,000 ರೂ.

ದುಡಿಮೆಯ ಸಾಮರ್ಥ್ಯದಲ್ಲಿ ಶೇ. 10 ಮಾತ್ರ ನಷ್ಟವಾಗಿದೆ ಎಂದು ನಿರ್ಣಯವಾದರೆ ಈ ಬಾಬ್ತಿನಲ್ಲಿ ಆತನಿಗೆ ಸಲ್ಲುವುದು 3,78,000 ರೂ. ಅದೇ ಮೊಣಕಾಲು ಬಗ್ಗದೆ, ಕಾಲಿನಿಂದ ತುಳಿದು ನಡೆಸುವ ಮಗ್ಗದಲ್ಲಿ ಕೂರುವುದೇ ಕಷ್ಟವಾಗಿ ನಷ್ಟ ಶೇ. 30 ಎಂದು ಸಾಬೀತಾದರೆ 11,34,000 ರೂ. ಎರಡರ ನಡುವಣ ಅಂತರ 7,56,000 ರೂ. ಅಪಘಾತವಾದ ಮೂರನೇ ತಿಂಗಳಲ್ಲಿ ವೈದ್ಯರು ನೋಡಿದ ಕಾಲಿಗೂ ಹದಿನೆಂಟನೇ ತಿಂಗಳಲ್ಲಿ ನೋಡುವ ಕಾಲಿಗೂ ಇಷ್ಟು ವ್ಯತ್ಯಾಸವಿರಬಹುದು. ಚಿಕಿತ್ಸಾ ವೆಚ್ಚ, ದುಡಿಮೆ ನಿಂತ ದಿನಗಳ ನಷ್ಟ, ನೋವು ಮತ್ತು ಯಾತನೆ, ಬದುಕಿನ ಸೌಖ್ಯದ ನಷ್ಟ, ಮುಂದಿನ ಶಸ್ತ್ರಚಿಕಿತ್ಸೆಯ ವೆಚ್ಚ ಇವೆಲ್ಲ ಬೇರೆ ಬಾಬ್ತುಗಳು.

ಇಲ್ಲಿ ಗಮನಿಸಬೇಕಾದದ್ದು ವೈದ್ಯರು ಹೇಳುವ ಅಂಗವೈಕಲ್ಯದ ಪ್ರಮಾಣವೇ ದುಡಿಮೆಯ ನಷ್ಟದ ಪ್ರಮಾಣವಲ್ಲ ಎಂಬುದು. 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಹಿಂದೆ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಅವರು ಇದನ್ನು ವಿವರಿಸಿದ್ದಾರೆ. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ದುಡಿಮೆ ಪೂರ್ತಿ ನಿಂತುಹೋಗಬಹುದು; ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಆದ್ದರಿಂದ ಗಾಯಾಳು ಯಾವ ಕೆಲಸ ಮಾಡುತ್ತಿದ್ದ, ಈಗ ಅದರಲ್ಲಿ ಏನನ್ನು ಮಾಡಲಾರ ಎಂಬುದನ್ನು ವೈದ್ಯರ ಸಾಕ್ಷ್ಯದ ಜೊತೆಗೇ ನ್ಯಾಯಮಂಡಳಿಯ ಮುಂದಿಡಬೇಕು. ಮುಂಡರಗಿಯ ಈರುಳ್ಳಿ ಬೆಳೆಗಾರನಿಗೂ ಗದಗ ಎ.ಪಿ.ಎಂ.ಸಿ.ಯ ಹಮಾಲನಿಗೂ ಮುದ್ರಣಾಲಯದ ಕೆಲಸಗಾರನಿಗೂ ಒಂದೇ ಗಾಯದ ಪರಿಣಾಮ ಒಂದೇ ಆಗಿರುವುದಿಲ್ಲ.

ಅರ್ಜಿಗೆ ಆರು ತಿಂಗಳು

ಹಾಗಾದರೆ ಗಾಯ ಪೂರ್ತಿ ಬಲಿತು ಮಾಗುವವರೆಗೆ ಅರ್ಜಿಯನ್ನೇ ಹಾಕದೆ ಕಾಯಬೇಕೆ? ಖಂಡಿತ ಕೂಡದು. 1994ರಲ್ಲಿ ತೆಗೆದುಹಾಕಿದ್ದ ಕಾಲಮಿತಿಯನ್ನು 2019ರ ತಿದ್ದುಪಡಿ ಕಾಯ್ದೆ ಮರಳಿ ತಂದಿತು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ 166ನೇ ಕಲಮಿನ 3ನೇ ಉಪಕಲಮಿನ ಪ್ರಕಾರ ಅಪಘಾತದ ದಿನದಿಂದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಕಾಲಮಿತಿಯ ಸಿಂಧುತ್ವ ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾಗಿದ್ದು, ಕೇವಲ ವಿಳಂಬದ ಕಾರಣಕ್ಕೆ ಅರ್ಜಿಗಳನ್ನು ವಜಾಗೊಳಿಸಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಹೊರಟಿತು. ಆದರೆ ಮಧ್ಯಂತರ ಆದೇಶವನ್ನೇ ನಂಬಿ ಕೂರುವುದು ಜಾಣತನವಲ್ಲ. ಆರು ತಿಂಗಳೊಳಗೇ ಅರ್ಜಿ ಹಾಕುವುದು ಕ್ಷೇಮ.

ಅರ್ಜಿ ಹಾಕಲು ಅಪಘಾತ ನಡೆದ ಊರಿಗೇ ಹೋಗಬೇಕಾಗಿಲ್ಲ. ಹುಬ್ಬಳ್ಳಿಯಲ್ಲಿ ಗಾಯಗೊಂಡ ಶಿರಹಟ್ಟಿಯ ನಿವಾಸಿ ತಾನು ವಾಸವಾಗಿರುವ ಪ್ರದೇಶದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಪರಿಹಾರ ಕೋರಬಹುದು. ಅರ್ಜಿ ದಾಖಲಾದ ಮೇಲೆ ಪ್ರಕರಣ ವಿಚಾರಣೆಯಲ್ಲಿರುವಾಗ ಹೊಸ ತೊಂದರೆ ಕಾಣಿಸಿಕೊಂಡರೆ ಅರ್ಜಿಗೆ ತಿದ್ದುಪಡಿ ಕೋರಿ, ಹೊಸ ವೈದ್ಯಕೀಯ ದಾಖಲೆಗಳನ್ನು ಸಲ್ಲಿಸಬಹುದು. ಸಾಮಾನ್ಯವಾಗಿ ಅರ್ಜಿಯ ದಿನದಿಂದಲೇ ಪರಿಹಾರಕ್ಕೆ ಬಡ್ಡಿ ಸೇರುವುದರಿಂದ ವಿಚಾರಣೆ ಸ್ವಲ್ಪ ತಡವಾದರೂ ಎಲ್ಲವೂ ನಷ್ಟವಲ್ಲ. ಭವಿಷ್ಯದ ವೈದ್ಯಕೀಯ ವೆಚ್ಚಕ್ಕೆ ಮಾತ್ರ ಸಾಮಾನ್ಯವಾಗಿ ಬಡ್ಡಿ ಕೊಡುವುದಿಲ್ಲ.

ಒಟ್ಟಿನಲ್ಲಿ ಅರ್ಜಿಗೆ ಆತುರ ಬೇಕು, ಇತ್ಯರ್ಥಕ್ಕೆ ತಾಳ್ಮೆ ಬೇಕು.

ಆತುರದ ರಾಜಿಯ ಅಪಾಯ

ಮೂರು ಬಗೆಯ ರಾಜಿಗಳಲ್ಲಿ ಗಾಯಾಳುಗಳು ಎಡವುವುದುಂಟು. ಮೊದಲನೆಯದು ಊರ ಹಿರಿಯರ ಮುಂದೆ ನಡೆಯುವ ಮಾತುಕತೆ. ಆಸ್ಪತ್ರೆ ಖರ್ಚೆಂದು ಕಾರಿನ ಮಾಲೀಕ ಒಂದಿಷ್ಟು ಹಣ ಕೊಡುತ್ತಾನೆ. ದೂರು ಕೊಡುವುದಿಲ್ಲವೆಂದು ಗಾಯಾಳು ಚೀಟಿ ಬರೆದುಕೊಡುತ್ತಾನೆ. ತಿಂಗಳುಗಳ ನಂತರ ಕಾಲು ಕೆಟ್ಟಾಗ ಎಫ್.ಐ.ಆರ್. ಇಲ್ಲ, ಡಿಕ್ಕಿ ಹೊಡೆದ ವಾಹನ ಯಾವುದೆಂಬುದಕ್ಕೆ ಪುರಾವೆಯೂ ಇಲ್ಲ. ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಹೇಳಿದೆ ನಿಜ. ಆದರೆ ವಿಳಂಬಕ್ಕೆ ಒಪ್ಪತಕ್ಕ ಕಾರಣ ನೀಡಬೇಕಾಗುತ್ತದೆ.

ಎರಡನೆಯದು 164ನೇ ಕಲಮಿನ ನಿಗದಿತ ಪರಿಹಾರ. ಯಾರ ತಪ್ಪೆಂದು ಸಾಬೀತುಪಡಿಸದೆಯೇ ತೀವ್ರ ಗಾಯಕ್ಕೆ 2.5 ಲಕ್ಷ ರೂ., ಸಾವಿಗೆ 5 ಲಕ್ಷ ರೂ. ಪಡೆಯಲು ಇಲ್ಲಿ ಅವಕಾಶವಿದೆ. ಆದರೆ ವಿಮಾ ಕಂಪನಿಯೊಡನೆ 149ನೇ ಕಲಮಿನ ವಿಧಾನದಂತೆ ಈ ಮೊತ್ತವನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯ ಮುಂದಿರುವ ಅರ್ಜಿ ರದ್ದಾಗುತ್ತದೆ. ಪೂರ್ತಿ ಗುಣವಾಗುವ ತೀವ್ರ ಗಾಯಕ್ಕೆ ಇದು ಸುಲಭದ ದಾರಿ. ಗುಣವಾಗದ ಗಾಯಕ್ಕೆ ಎರಡು ಬಾರಿ ಯೋಚಿಸಬೇಕು.

ಮೂರನೆಯದು ಲೋಕ ಅದಾಲತ್. ವರ್ಷಗಟ್ಟಲೆ ಕಾಯುವುದನ್ನು ತಪ್ಪಿಸುವ ಉತ್ತಮ ವೇದಿಕೆ ಇದು. ಆದರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಮಿನಂತೆ ಅಲ್ಲಿನ ಇತ್ಯರ್ಥ ಅಂತಿಮ, ಮೇಲ್ಮನವಿಗೆ ಆಸ್ಪದವಿಲ್ಲ. ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾದೀತೆ ಎಂದು ಚಿಕಿತ್ಸೆ ನೀಡಿದ ವೈದ್ಯರನ್ನು ಕೇಳಿ, ಅವರ ಅಭಿಪ್ರಾಯವನ್ನು ಬರಹದಲ್ಲಿ ಪಡೆದ ಬಳಿಕವೇ ಸಹಿ ಹಾಕುವುದು ವಿವೇಕ.

ಕಾಪಾಡಿಕೊಳ್ಳಬೇಕಾದ ದಾಖಲೆಗಳು

ತಡವಾಗಿ ಬಂದ ತೊಂದರೆಗೆ ವಿಮಾ ಕಂಪನಿಯ ವಕೀಲರು ಎತ್ತುವ ಮೊದಲ ಆಕ್ಷೇಪ, ಅದು ಅಪಘಾತದಿಂದಲೇ ಬಂದದ್ದೆಂಬುದಕ್ಕೆ ಆಧಾರವೇನು ಎಂಬುದು. ಇದಕ್ಕೆ ಉತ್ತರ ಮೊದಲ ದಿನದ ಕಾಗದದಲ್ಲಿರುತ್ತದೆ. ಗದಗದ ಜಿಮ್ಸ್ ಆಗಲಿ, ತಾಲ್ಲೂಕು ಆಸ್ಪತ್ರೆಯಾಗಲಿ, ಖಾಸಗಿ ಆಸ್ಪತ್ರೆಯಾಗಲಿ, ದಾಖಲಾಗುವಾಗ ರಸ್ತೆ ಅಪಘಾತವೆಂದೇ ಬರೆಸಬೇಕು. ಗಾಬರಿಯಲ್ಲಿ ಯಾರೋ ಬೈಕಿನಿಂದ ಬಿದ್ದನೆಂದು ಬರೆಸಿದ ಒಂದು ಸಾಲು ಇಡೀ ಪ್ರಕರಣವನ್ನು ಕೆಡಿಸಬಲ್ಲದು. ದೇಹದ ಎಲ್ಲ ಗಾಯಗಳೂ, ಸಣ್ಣವೂ ಸೇರಿದಂತೆ, ಗಾಯದ ಪ್ರಮಾಣಪತ್ರದಲ್ಲಿ ನಮೂದಾಗಬೇಕು.

ಆ ಬಳಿಕ ಪ್ರತಿ ಭೇಟಿಯ ಚೀಟಿ, ಬಿಡುಗಡೆ ಪತ್ರ, ಎಕ್ಸ್‌ರೇ ಮತ್ತು ಸ್ಕ್ಯಾನ್ ಪ್ರತಿಗಳು, ಔಷಧದ ಬಿಲ್ಲು, ಹುಬ್ಬಳ್ಳಿಗೆ ಹೋಗಿಬಂದ ವಾಹನ ಬಾಡಿಗೆಯ ರಸೀದಿ ಇವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಡಬೇಕು. ತಿಂಗಳುಗಟ್ಟಲೆ ವೈದ್ಯರ ಬಳಿ ಹೋಗದಿದ್ದರೆ ಗಾಯ ವಾಸಿಯಾಗಿತ್ತೆಂಬ ವಾದಕ್ಕೆ ಬಲ ಬರುತ್ತದೆ. ಮುಂದಿನ ಶಸ್ತ್ರಚಿಕಿತ್ಸೆ ಬೇಕಿದ್ದರೆ ಅದರ ಅಗತ್ಯ ಹಾಗೂ ಅಂದಾಜು ವೆಚ್ಚವನ್ನು ವೈದ್ಯರಿಂದ ಬರೆಸಿಕೊಂಡು, ಸಾಧ್ಯವಾದಷ್ಟು ಚಿಕಿತ್ಸೆ ನೀಡಿದ ವೈದ್ಯರನ್ನೇ ಸಾಕ್ಷಿಯಾಗಿ ಕರೆಸಬೇಕು. ಆದಾಯಕ್ಕೆ ದಾಖಲೆ ಇಲ್ಲದಿದ್ದರೆ ನ್ಯಾಯಮಂಡಳಿ ಅಪಘಾತದ ವರ್ಷವನ್ನು ಆಧರಿಸಿ ಅಂದಾಜು ಆದಾಯ ಹಿಡಿಯುತ್ತದೆ. ಆದ್ದರಿಂದ ಕೂಲಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಎ.ಪಿ.ಎಂ.ಸಿ. ಪಟ್ಟಿ ಇವು ನೆರವಿಗೆ ಬರುತ್ತವೆ.

ಪೊಲೀಸರ ಹೊಣೆಯೂ ಈಗ ಹೆಚ್ಚಿದೆ. 2022ರ ನಿಯಮಗಳಂತೆ 48 ಗಂಟೆಗಳೊಳಗೆ ಮೊದಲ ಅಪಘಾತ ವರದಿ, 50 ದಿನಗಳೊಳಗೆ ಮಧ್ಯಂತರ ವರದಿ, 90 ದಿನಗಳೊಳಗೆ ವಿವರವಾದ ವರದಿಯನ್ನು ಅವರು ಸಲ್ಲಿಸಬೇಕು.

ತೀರ್ಪಿನ ಬಳಿಕ

ತೀರ್ಪಿನ ಮೊತ್ತ ಸಾಲದೆನಿಸಿದರೆ 90 ದಿನಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು. ಗದಗ ಜಿಲ್ಲೆಯವರು ಇದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ; 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಕಾಯಂ ಆದ ಧಾರವಾಡ ಪೀಠವಿದೆ. ತೀರ್ಪಿನ ನಂತರ ನಡೆದ ಶಸ್ತ್ರಚಿಕಿತ್ಸೆಯ ದಾಖಲೆಗಳನ್ನು ಹೆಚ್ಚುವರಿ ಸಾಕ್ಷ್ಯವಾಗಿ ಸ್ವೀಕರಿಸುವಂತೆ ಮೇಲ್ಮನವಿಯಲ್ಲಿ ಕೋರಬಹುದು. ಒಪ್ಪುವುದು ಬಿಡುವುದು ನ್ಯಾಯಾಲಯದ ವಿವೇಚನೆ. ಬಾಗಿಲು ಪೂರ್ತಿ ಮುಚ್ಚುವ ಮುನ್ನ ಉಳಿದಿರುವ ಕಿಂಡಿ ಇದು.

ವಕೀಲರ ಶುಲ್ಕ ಭರಿಸಲಾಗದವರು ಗದಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಅಥವಾ ತಾಲ್ಲೂಕು ಸಮಿತಿಯನ್ನು ಸಂಪರ್ಕಿಸಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು.

ಪರಿಹಾರವೆಂಬುದು ಕಳೆದುಹೋದ ಕಾಲನ್ನೋ ಕೈಯನ್ನೋ ಮರಳಿ ತರಲಾರದು. ಆದರೆ ಎರಡನೆಯ ಶಸ್ತ್ರಚಿಕಿತ್ಸೆಗಾಗಿ ಹೊಲ ಮಾರುವುದನ್ನು, ಮಗ್ಗ ಒತ್ತೆಯಿಡುವುದನ್ನು ಅದು ತಪ್ಪಿಸಬಲ್ಲದು. ಆ ಅವಕಾಶ ಒಂದೇ ಸಲ ಬರುತ್ತದೆ ಎಂಬುದನ್ನು ಗಾಯಾಳುವೂ ಆತನ ಮನೆಯವರೂ ಸಹಿ ಹಾಕುವ ಮುನ್ನ ನೆನೆಯಬೇಕು.