ಮೊಳದ ಕೊಳವೆ ನಂಬಿ ಹೊಳೆಗಿಳಿಯಬ್ಯಾಡ್ರಿ!

ರಾಯಚೂರು: ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಬಳಿ ಬಾಯಲ್ಲಿ ಕೊಳವೆ ಕಚ್ಚಿ, ಬೋರಲಾಗಿ ತೇಲುತ್ತ ಮೀನು ನೋಡುವ ಮೋಜುಂಟು. ಆ ಕೊಳವೆಯೇ ಸ್ನಾರ್ಕೆಲ್. ‘ಡ್ರೈ ಸ್ನಾರ್ಕೆಲ್’ ಎಂಬ ನಮೂನೆಯ ತುದಿಯಲ್ಲಿ ತೇಲುವ ಬಿರಡೆ ಇರುತ್ತದೆ. ತುದಿ ಮುಳುಗಿತೋ, ಬಿರಡೆ ಎದ್ದು ಕೊಳವೆ ಮುಚ್ಚುತ್ತದೆ. ನೀರು ಒಳಗೆ ಬರಂಗಿಲ್ಲ, ಖರೆ. ಗಾಳಿಯೂ ಬರಂಗಿಲ್ಲ! ಮಂದಿ ಮರೆಯುವುದು ಇದನ್ನೇ.

ಕೊಳ್ಳುವಾಗ ಮೇಲ್ತುದಿಯನ್ನು ಅಂಗೈಯಿಂದ ಮುಚ್ಚಿ ಉಸಿರೆಳೆದು ನೋಡಿ; ಗಾಳಿ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಬಾಯಿಗಿಡುವ ತುಂಡು ಮೆತ್ತನೆಯ ಸಿಲಿಕೋನಿನದಿರಲಿ. ಉದ್ದನೆಯದು ಬೇಡವೇ ಬೇಡ, ಬಿಟ್ಟ ಉಸಿರೇ ತಿರುಗಿ ಎದೆಗೆ ಬರುತ್ತದೆ. ತಳದಲ್ಲಿ ಕವಾಟವಿದ್ದರೆ ಒಳಹೊಕ್ಕ ನೀರನ್ನು ಊದಿ ಹೊರಹಾಕುವುದು ಸುಲಭ. ಮರಳಿನ ಕಾಳು ಸಿಕ್ಕರೆ ಬಿರಡೆ ಕಚ್ಚಿಕೊಳ್ಳುತ್ತದೆ. ಪ್ರತಿಸಲ ಸಿಹಿನೀರಿನಲ್ಲಿ ತೊಳೆಯಬೇಕು.

ಇದು ತಿಳಿನೀರಿನ, ಸದ್ದಿಲ್ಲದ ಅಲೆಗಳ ಸಾಮಾನು. ಅಲ್ಲಿಯೂ ಲೈಫ್ ಜಾಕೆಟ್ ಬೇಕು, ಜೊತೆಗಾರ ಬೇಕು. ದೇವದುರ್ಗದ ಕೃಷ್ಣೆ, ಮಾನ್ವಿ ಕಡೆಯ ತುಂಗಭದ್ರೆಯಲ್ಲಿ ಮಳೆಗಾಲದ ರಾಡಿಯೊಳಗೆ ತನ್ನ ಕೈ ತನಗೇ ಕಾಣದು. ಮರಳೆತ್ತಿದ ಗುಂಡಿ ಎಲ್ಲಿದೆಯೋ! ನಾರಾಯಣಪುರ ಡ್ಯಾಮಿನ ಗೇಟು ಎತ್ತಿದರಂತೂ ಕೇಳುವುದೇ ಬೇಡ. 2019ರ ಆಗಸ್ಟ್‌ನಲ್ಲಿ ಹೂವಿನಹೆಡಗಿ ಸೇತುವೆಯನ್ನೇ ಮುಳುಗಿಸಿದ ಹೊಳೆಗೆ ಮೊಳದ ಕೊಳವೆ ಯಾವ ಲೆಕ್ಕ?