ಗಾಡಿಮನೆ ಕಟ್ಟಿಕೊಂಡು ಬೆಟ್ಟ ದಾಟುವ ಮುನ್ನ

'ದೂರದ ಬೆಟ್ಟ ನುಣ್ಣಗೆ' ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಅಮೆರಿಕದ ರಾಕಿ ಪರ್ವತಗಳನ್ನು ಕ್ಯಾಲೆಂಡರಿನ ಚಿತ್ರದಲ್ಲಿ ನೋಡುವುದೇ ಬೇರೆ. ಅತ್ತೆ, ಮಕ್ಕಳು, ಹಾಸಿಗೆ, ಪಾತ್ರೆ ಎಲ್ಲವನ್ನೂ ಕಟ್ಟಿಕೊಂಡು ಆ ಬೆಟ್ಟಗಳನ್ನು ಹತ್ತಿ ಇಳಿಯುವುದೇ ಬೇರೆ.

"ಅಮೆರಿಕದ ಬೆಟ್ಟ ಕಟ್ಟಿಕೊಂಡು ನಮಗೇನ್ರೀ ಆಗಬೇಕು?" ಎಂದು ಪುಟ ತಿರುಗಿಸಬೇಡಿ, ಸೋದರಿಯರೆ. ನಮ್ಮ ಸಣ್ಣ ಸಣ್ಣ ಊರುಗಳ ಎಷ್ಟೋ ಮನೆಗಳ ಮಗನೋ ಮಗಳೋ ಈಗ ಆ ದೇಶದಲ್ಲಿದ್ದಾರೆ. "ಅಮ್ಮಾ, ಬೇಸಿಗೆಗೆ ಬಾ, ಎಲ್ಲಾ ಸುತ್ತಾಡಿಸ್ತೀವಿ" ಎಂಬ ಕರೆ ನಿಮಗೂ ಬಂದೀತು. ಬಂದಾಗ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತು ಹೋಗಿ ಬರುವ ಬದಲು ನಾಲ್ಕು ವಿಷಯ ತಿಳಿದಿರುವುದು ಒಳ್ಳೆಯದಲ್ಲವೆ?

ನಾವಿರುವುದು ಕೊಲರಾಡೊ ರಾಜ್ಯದ ಡೆನ್ವರಿನಲ್ಲಿ. ಹೋದ ಬೇಸಿಗೆಯಲ್ಲಿ ತರೀಕೆರೆಯಿಂದ ನಮ್ಮ ಅತ್ತೆ ಬಂದಿದ್ದರು. ವಯಸ್ಸು ಎಪ್ಪತ್ತೊಂದು, ಜೊತೆಗೆ ರಕ್ತದೊತ್ತಡ. ಮತ್ತೊಮ್ಮೆ ಅಷ್ಟು ದೂರ ಬರುವುದು ಕಷ್ಟ ಎಂದು ಅವರೇ ಹೇಳುತ್ತಿದ್ದರು. ದೊಡ್ಡ ಮಗಳು ಕಾಲೇಜಿಗೆಂದು ಬೇರೆ ಊರಿಗೆ ಹೊರಟು ನಿಂತಿದ್ದಳು. ಮನೆಯವರೆಲ್ಲ ಒಟ್ಟಿಗೆ ಇರುವ ಬೇಸಿಗೆ ಇದೊಂದೇ ಎಂದು ನಮ್ಮವರು ಹತ್ತು ದಿನ ರಜೆ ಹಾಕಿದರು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದೆಂದು ತೀರ್ಮಾನವಾಯಿತು.

ಏನಿದು ಗಾಡಿಮನೆ?

ಇಲ್ಲಿ ಇದಕ್ಕೆ ಟ್ರಾವೆಲ್ ಟ್ರೇಲರ್ ಎನ್ನುತ್ತಾರೆ. 'ಗಾಡಿಮನೆ' ಎಂದು ಹೆಸರಿಟ್ಟವರು ನಮ್ಮ ಅತ್ತೆ. ಒಳಗೆ ಮಂಚಗಳು, ಗ್ಯಾಸ್ ಒಲೆ, ಫ್ರಿಜ್ಜು, ಪುಟ್ಟ ಬಚ್ಚಲು, ನೀರಿನ ತೊಟ್ಟಿ ಎಲ್ಲಾ ಉಂಟು. ಎಂಜಿನ್ ಮಾತ್ರ ಇಲ್ಲ. ಟ್ರ್ಯಾಕ್ಟರಿಗೆ ಟ್ರೇಲರ್ ಸಿಕ್ಕಿಸಿದ ಹಾಗೆ ನಮ್ಮ ವಾಹನದ ಹಿಂದೆ ಕೊಂಡಿ ಹಾಕಿ ಎಳೆಯಬೇಕು. ಹಿರಿಯರಿಗೆ ಬೇಕೆಂದಾಗ ಶೌಚಾಲಯ, ನಮಗೆ ಬೇಕೆಂದಾಗ ಬಿಸಿ ಅನ್ನ. ಇದಕ್ಕಿಂತ ಅನುಕೂಲ ಇನ್ನೇನು? ಆದರೆ ಗಾಡಿ ಓಡುತ್ತಿರುವಾಗ ಅದರೊಳಗೆ ಯಾರೂ ಇರಕೂಡದು. ಹಲವು ರಾಜ್ಯಗಳಲ್ಲಿ ಅದು ಕಾನೂನಿಗೂ ವಿರುದ್ಧ. "ಸ್ವಲ್ಪ ಮಲಕ್ಕೊಂಡು ಬರ್ತೀನಿ" ಎಂದು ಅತ್ತೆ ಕೇಳಿದರೂ ಒಪ್ಪಬೇಡಿ.

ಹತ್ತಿರದ ದಾರಿ ಗಾಡಿಮನೆಯ ದಾರಿಯಲ್ಲ

ನಕ್ಷೆಯಲ್ಲಿ ಕಾಣುವ ಚಂದದ ದಾರಿಗಳೆಲ್ಲ ಟ್ರೇಲರಿಗೆ ತೆರೆದಿರುವುದಿಲ್ಲ. ಕೊಲರಾಡೊದ ಇಂಡಿಪೆಂಡೆನ್ಸ್ ಕಣಿವೆದಾರಿ 12,095 ಅಡಿ ಎತ್ತರದಲ್ಲಿದೆ. ಅಲ್ಲಿ ವಾಹನ, ಟ್ರೇಲರ್ ಎರಡೂ ಸೇರಿ 35 ಅಡಿಗಿಂತ ಉದ್ದವಿದ್ದರೆ ಪ್ರವೇಶವಿಲ್ಲ. ಮೊಂಟಾನಾದ ಗ್ಲೇಸಿಯರ್ ಉದ್ಯಾನದಲ್ಲಿ 'ಗೋಯಿಂಗ್ ಟು ದಿ ಸನ್' ಎಂಬ ಪ್ರಸಿದ್ಧ ರಸ್ತೆಯಿದೆ. ಅದರ ಎತ್ತರದ ಭಾಗದಲ್ಲಿ 21 ಅಡಿಗಿಂತ ಉದ್ದದ, 8 ಅಡಿಗಿಂತ ಅಗಲದ ವಾಹನ ಬಿಡುವುದಿಲ್ಲ. ಇಂಥ ಕಡೆ ಗಾಡಿಮನೆಯನ್ನು ತಂಗುದಾಣದಲ್ಲಿ ಬಿಟ್ಟು ಕಾರಿನಲ್ಲಷ್ಟೇ ಹೋಗಬೇಕು. ಹೊರಡುವ ಮೊದಲು ನಿಮ್ಮ ಗಾಡಿಯ ಉದ್ದ, ಅಗಲ, ಎತ್ತರ ಅಳೆದು ಒಂದು ಚೀಟಿಯಲ್ಲಿ ಬರೆದು ಚಾಲಕರ ಕಣ್ಣೆದುರು ಅಂಟಿಸಿ.

ದಿನಕ್ಕೆ ಎಷ್ಟು ದೂರ? ಇಲ್ಲಿಯವರು ಮೂರರ ಲೆಕ್ಕ ಹೇಳುತ್ತಾರೆ. ದಿನಕ್ಕೆ 300 ಮೈಲಿ ಮೀರಬಾರದು, ಮಧ್ಯಾಹ್ನ 3 ಗಂಟೆಗೆ ತಂಗುದಾಣ ಸೇರಬೇಕು, ಆದರೆ ಒಂದು ಜಾಗದಲ್ಲಿ 3 ರಾತ್ರಿ ಉಳಿಯಬೇಕು. ಡೆನ್ವರಿನಿಂದ ಯೆಲ್ಲೋಸ್ಟೋನಿಗೆ ಸುಮಾರು 500 ಮೈಲಿ, ಎಂದರೆ 800 ಕಿಲೋಮೀಟರು. ಕಾರಾದರೆ ಒಂದೇ ದಿನ. ನಾವು ಮೂರು ದಿನ ಮಾಡಿಕೊಂಡೆವು. ವಯೋಮಿಂಗ್ ರಾಜ್ಯದ ರಾಲಿನ್ಸ್ ಪಟ್ಟಣದಲ್ಲಿ ಮೊದಲ ರಾತ್ರಿ. ಮರುದಿನ ಲ್ಯಾಂಡರ್ ದಾಟಿ ಡುಬಾಯ್ಸ್ ಎಂಬ ಊರು. ಮೂರನೆಯ ದಿನ ಸುಮಾರು 9,650 ಅಡಿಯ ಟೋಗೋಟಿ ಕಣಿವೆದಾರಿ ಹತ್ತಿ ಇಳಿದರೆ ಉದ್ಯಾನ.

ತಂಗುದಾಣಗಳಲ್ಲಿ ಜಾಗವನ್ನು ಆರು ತಿಂಗಳ ಮೊದಲೇ ಕಾದಿರಿಸುವುದು ಕ್ಷೇಮ. ಜಾಗದ ಉದ್ದ ನಿಮ್ಮ ಗಾಡಿಗೆ ಸಾಲುತ್ತದೆಯೇ ಎಂದು ಕೇಳಿಕೊಳ್ಳಿ. ಉದ್ಯಾನದೊಳಗೆ ಬಹಳ ಕಡೆ ಫೋನ್ ಸಿಗುವುದಿಲ್ಲ. ಕಾಗದದ ನಕ್ಷೆಯೊಂದು ಜೊತೆಗಿರಲಿ.

ಹೊರೆಯ ಲೆಕ್ಕ ಹೆಂಗಸರ ಕೈಯಲ್ಲಿ

ಗಾಡಿ ಓಡಿಸುವವರು ಗಂಡಸರೇ ಇರಬಹುದು. ಅದರೊಳಗೆ ಸಾಮಾನು ತುಂಬುವವರು ಯಾರು? ನಾವೇ ತಾನೇ! ಬೆಟ್ಟದಲ್ಲಿ ಗಾಡಿ ಹಿಡಿತದಲ್ಲಿರುತ್ತದೋ ಇಲ್ಲವೋ ಎಂಬುದು ಅರ್ಧಕ್ಕರ್ಧ ನಾವು ತುಂಬುವುದರ ಮೇಲೆ ನಿಂತಿದೆ. ಈ ಮಾತನ್ನು ಗಟ್ಟಿಯಾಗಿ ನೆನಪಿಡಿ.

ನಮ್ಮ ಗಾಡಿಮನೆಯ ಬರೀ ತೂಕ 1,900 ಕೆ.ಜಿ. ತುಂಬಿದ ಮೇಲೆ 2,500 ಮೀರಕೂಡದೆಂದು ಅದರ ಮೇಲೇ ಬರೆದಿದೆ. 600 ಕೆ.ಜಿ. ಎಂದರೆ ಬೇಕಾದಷ್ಟಾಯಿತು ಎನ್ನುತ್ತೀರಾ? 40 ಗ್ಯಾಲನ್ನಿನ ತೊಟ್ಟಿ ಭರ್ತಿ ಮಾಡಿದರೆ ನೀರೇ 150 ಕೆ.ಜಿ. ಹಿಡಿಯಿತು. ಹಾಸಿಗೆ, ಕುರ್ಚಿ, ಬಟ್ಟೆ, ಪಾತ್ರೆ, ಗ್ಯಾಸ್ ಸಿಲಿಂಡರುಗಳು... ಹನಿ ಹನಿ ಕೂಡಿ ಹಳ್ಳ! ಅತ್ತೆಗೆ ದೋಸೆ ಆಗಲೆಂದು ನಮ್ಮವರು ಗ್ರೈಂಡರನ್ನೇ ಎತ್ತಿ ತಂದರು. ನಾನು ಅಲ್ಲೇ ಇಳಿಸಿದೆ. ತೊಟ್ಟಿಗೆ ಕಾಲು ಭಾಗ ಮಾತ್ರ ನೀರು ಹಾಕಿ, ತಂಗುವ ಜಾಗದಲ್ಲಿ ತುಂಬಿಕೊಂಡರಾಯಿತು. ಕೊಳೆನೀರಿನ ತೊಟ್ಟಿಯನ್ನೂ ಬೆಟ್ಟ ಹತ್ತುವ ಮುನ್ನ ಅದಕ್ಕೆಂದೇ ಇರುವ ಜಾಗದಲ್ಲಿ ಖಾಲಿ ಮಾಡಿ.

ಎಷ್ಟು ತುಂಬಿದಿರಿ ಎನ್ನುವಷ್ಟೇ ಮುಖ್ಯ ಎಲ್ಲಿ ತುಂಬಿದಿರಿ ಎನ್ನುವುದು. ಗಾಡಿಯ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಕೂರಬೇಕು. ಹಿಂದೆ ಭಾರ ಹೆಚ್ಚಾದರೆ ವೇಗದಲ್ಲಿ ಗಾಡಿಮನೆ ಬಾಲ ಆಡಿಸಿದಂತೆ ಅತ್ತಿತ್ತ ತೂಗತೊಡಗುತ್ತದೆ. ಕೊನೆಗೆ ಎಳೆಯುವ ವಾಹನವನ್ನೂ ಕೆಡವೀತು. ಇದನ್ನು ನಮ್ಮವರು ಚಿತ್ರ ಬರೆದು ವಿವರಿಸುತ್ತಿದ್ದರೆ ಅತ್ತೆ ನಕ್ಕುಬಿಟ್ಟರು. "ಇದಕ್ಕೆ ಇಷ್ಟೊಂದು ಹೇಳ್ಬೇಕೇನೋ? ಎತ್ತಿನ ಗಾಡಿಗೆ ಹಿಂದೆ ಭಾರ ಹಾಕಿದ್ರೆ ನೊಗ ಮೇಲೇಳುತ್ತೆ, ಎತ್ತಿನ ಕೊರಳಿಗೆ ಉರುಲು ಬೀಳುತ್ತೆ. ಮುಂದಕ್ಕೆ ಹಾಕ್ರೋ!" ಅಷ್ಟೇ ವಿಷಯ. ಭಾರದ ಸಾಮಾನು ಗಾಲಿಯಿಂದ ಸ್ವಲ್ಪ ಮುಂದಕ್ಕೆ ನೆಲಮಟ್ಟದಲ್ಲಿ, ಹಗುರವಾದದ್ದು ಮೇಲೆ. ಕೊಂಡಿಯ ಮೇಲೆ ಕೂತ ಭಾರ ಎಳೆಯುವ ವಾಹನದ ಹೊರೆಗೂ ಸೇರುತ್ತದೆ ಎಂಬುದನ್ನು ಮರೆಯಬೇಡಿ.

ಕಣ್ಣಂದಾಜು ನಂಬದೆ ತೂಕ ಹಾಕಿಸಿ. ಲಾರಿಗಳು ನಿಲ್ಲುವ ತಾಣಗಳಲ್ಲಿ ತೂಕದ ಸೇತುವೆ ಇರುತ್ತದೆ, ಕೆಲವೇ ಡಾಲರ್ ಖರ್ಚು. ನಮ್ಮದು 2,310 ಕೆ.ಜಿ. ಎಂದು ಚೀಟಿ ಬಂದಾಗ ನನಗೆ ಆದ ನೆಮ್ಮದಿ ಅಷ್ಟಿಷ್ಟಲ್ಲ.

ಹತ್ತುವುದಲ್ಲ, ಇಳಿಯುವುದು ಕಷ್ಟ

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಸಾಮಾನ್ಯ ಪೆಟ್ರೋಲ್ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ನೂರಕ್ಕೆ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹತ್ತುವಾಗ ಏದುಸಿರು ಬಿಟ್ಟರೆ ಬಿಡಲಿ, ನಿಧಾನವಾಗಿ ಹತ್ತುತ್ತದೆ. ನಿಜವಾದ ಪರೀಕ್ಷೆ ಇಳಿಜಾರಿನಲ್ಲಿ. ಎರಡು ಸಾವಿರಕ್ಕೂ ಹೆಚ್ಚು ಕೆ.ಜಿ. ಬೆನ್ನ ಹಿಂದಿನಿಂದ ತಳ್ಳುತ್ತಿರುತ್ತದೆ. ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ಅದು ಕಾದು ಕೆಂಡವಾಗಿ ಹಿಡಿಯುವುದನ್ನೇ ಬಿಡುತ್ತದೆ.

ನಮ್ಮ ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಓಡಿಸಿದ ಚಾಲಕರನ್ನು ಕೇಳಿ ನೋಡಿ, 'ಹತ್ತಿದ ಗೇರಿನಲ್ಲೇ ಇಳಿ' ಎನ್ನುತ್ತಾರೆ. ಇಲ್ಲೂ ಅದೇ ಪಾಠ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಹಾಕಿ ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಮಾಡಬೇಕು. ವೇಗ ಏರಿದರೆ ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ, ವೇಗ ಇಳಿದೊಡನೆ ಬಿಡಬೇಕು. ಗಾಡಿಮನೆಗೆ ಅದರದೇ ಬ್ರೇಕ್ ಇದ್ದು, ಅದನ್ನು ಚಾಲಕರ ಕೈಯಿಂದಲೂ ಒತ್ತುವ ಹಾಗಿರಬೇಕು. ಗಾಡಿ ತೂಗತೊಡಗಿದರೆ ಸ್ಟಿಯರಿಂಗ್ ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಮೆಲ್ಲಗೆ ಒತ್ತಬೇಕು. ಗಾಬರಿಯಲ್ಲಿ ಕಾಲಿನ ಬ್ರೇಕು ತುಳಿಯಬಾರದು.

ಡೆನ್ವರಿನ ಪಶ್ಚಿಮಕ್ಕೆ 11,000 ಅಡಿಗೂ ಮೇಲೆ, 1973ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗವಿದೆ. ಅದರಿಂದ ಪಶ್ಚಿಮಕ್ಕೆ ಇಳಿಯುವ ಹೆದ್ದಾರಿಯ ಪಕ್ಕ ಜಲ್ಲಿ ತುಂಬಿದ ಏರು ಓಣಿಗಳನ್ನು ಮಾಡಿಟ್ಟಿದ್ದಾರೆ. ಬ್ರೇಕ್ ಹೋದ ವಾಹನ ಅಲ್ಲಿಗೆ ನುಗ್ಗಿದರೆ ಜಲ್ಲಿಯಲ್ಲಿ ಹೂತು ನಿಲ್ಲುತ್ತದೆ. ಪಕ್ಕದ ಸೀಟಿನಲ್ಲಿ ಕೂತ ನೀವು ಇಂಥ ಓಣಿ ಎಲ್ಲಿದೆ ಎಂದು ಗಮನಿಸುತ್ತಿರಿ.

ಪ್ರತಿ ಬಾರಿ ಹೊರಡುವಾಗ ಒಬ್ಬರು ಪಟ್ಟಿ ಓದಬೇಕು, ಇನ್ನೊಬ್ಬರು ಮುಟ್ಟಿ ನೋಡಿ 'ಸರಿ' ಎನ್ನಬೇಕು. ಕೊಂಡಿ ಬಿಗಿದಿದೆಯೇ, ಸರಪಳಿ ಅಡ್ಡಹಾಯ್ದು ಸಿಕ್ಕಿಸಿದೆಯೇ, ದೀಪಗಳು ಉರಿಯುತ್ತಿವೆಯೇ, ಗಾಲಿಯ ಗಾಳಿ ಸರಿಯೇ, ಗ್ಯಾಸ್ ಬಂದ್ ಆಗಿದೆಯೇ, ಮೆಟ್ಟಿಲು ಮಡಿಸಿದೆಯೇ, ಫ್ರಿಜ್ಜಿನ ಬಾಗಿಲಿಗೆ ಚಿಲಕ ಬಿದ್ದಿದೆಯೇ? ನಮ್ಮಲ್ಲಿ ಓದುವವಳು ಮಗಳು, ಮುಟ್ಟುವವನು ಮಗ. ಮಕ್ಕಳಿಗೂ ಜವಾಬ್ದಾರಿ ಬಂತು.

ಬೆಟ್ಟದ ಮೇಲಿನ ಅಡುಗೆ

ಯೆಲ್ಲೋಸ್ಟೋನ್ ಸರೋವರ ಇರುವುದು 7,733 ಅಡಿ ಎತ್ತರದಲ್ಲಿ. ಅಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಕುಕ್ಕರ್ ಬೇಕೇ ಬೇಕು. ಅದರಲ್ಲೂ 2,000 ಅಡಿ ದಾಟಿದ ಮೇಲೆ ಪ್ರತಿ ಸಾವಿರ ಅಡಿಗೆ ನೂರಕ್ಕೆ 5ರಷ್ಟು ಸಮಯ ಹೆಚ್ಚಿಸಿ. ಮನೆಯಲ್ಲಿ ಮೂರು ಕೂಗು ಕೂಗಿಸುವವರು ಅಲ್ಲಿ ನಾಲ್ಕು ಕೂಗಿಸಿ. ಬೇಳೆ ನೆನೆಸಿಟ್ಟರೆ ಇನ್ನೂ ಒಳ್ಳೆಯದು. ಚಿಪ್ಸು, ಉಪ್ಪಿನಕಾಯಿಯ ಪೊಟ್ಟಣಗಳು ಚೆಂಡಿನಂತೆ ಊದಿಕೊಂಡರೆ ಹೆದರಬೇಡಿ, ಅದೂ ಎತ್ತರದ ಪ್ರಭಾವವೇ.

ಐದು ಜನಕ್ಕೆ ಹತ್ತು ದಿನಕ್ಕೆ ನಾನು ಒಯ್ದದ್ದು ಅಕ್ಕಿ 6 ಕೆ.ಜಿ., ತೊಗರಿಬೇಳೆ, ಗಟ್ಟಿ ಅವಲಕ್ಕಿ, ಹುರಿದ ರವೆ ತಲಾ 2 ಕೆ.ಜಿ., ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ. ಹಾಲು, ತರಕಾರಿ ದಾರಿಯಲ್ಲೇ ಸಿಗುತ್ತವೆ.

ಒಲೆಗೆ ಹೆಚ್ಚು ಕೆಲಸವಿಲ್ಲದ ತಿಂಡಿ ಗೊಜ್ಜವಲಕ್ಕಿ. 2 ಲೋಟ ಗಟ್ಟಿ ಅವಲಕ್ಕಿಯನ್ನು ಮನೆಯಲ್ಲೇ ತರಿಯಾಗಿ ಪುಡಿ ಮಾಡಿ, 2 ಚಮಚ ಸಾರಿನಪುಡಿ, 2 ಚಮಚ ಬೆಲ್ಲದ ಪುಡಿ, ಉಪ್ಪು, ಒಣಕೊಬ್ಬರಿ ತುರಿ ಬೆರೆಸಿ ಡಬ್ಬಿಗೆ ತುಂಬಿ. ತಂಗಿದ ಕಡೆ ನಿಂಬೆಗಾತ್ರದ ಹುಣಿಸೆಹಣ್ಣಿನ ರಸವನ್ನು ಒಂದೂವರೆ ಲೋಟ ನೀರಿನಲ್ಲಿ ಕದಡಿ ಸುರಿದು, ಇಪ್ಪತ್ತು ನಿಮಿಷ ಮುಚ್ಚಿಟ್ಟು, ಕಡಲೇಕಾಯಿ ಬೀಜ, ಕರಿಬೇವಿನ ಒಗ್ಗರಣೆ ಕೊಡಿ.

ಉಂಡ ಕೂಡಲೇ ಎಲ್ಲವನ್ನೂ ಒಳಗಿಡಿ. ಅದು ಕರಡಿಗಳ ಊರು! ಸರೋವರದ ಬಳಿಯ ಫಿಶಿಂಗ್ ಬ್ರಿಜ್ ತಂಗುದಾಣದಲ್ಲಿ ಬಟ್ಟೆಯ ಡೇರೆಗೆ ಅವಕಾಶವೇ ಇಲ್ಲ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ. ಎಂಜಲು ತಟ್ಟೆ, ಎಣ್ಣೆಪಾತ್ರೆ, ಕಸ ಯಾವುದೂ ಹೊರಗಿರಬಾರದು. ಕರಡಿ, ತೋಳಗಳಿಂದ 100 ಗಜ, ಕಾಡೆಮ್ಮೆಯಿಂದ 25 ಗಜ ದೂರವಿರಬೇಕೆಂಬುದು ಉದ್ಯಾನದ ನಿಯಮ. ಫೋಟೋದ ಆಸೆಗೆ ಮಕ್ಕಳನ್ನು ಹತ್ತಿರ ಬಿಡಬೇಡಿ.

ಹಿರಿಯರಿದ್ದರೆ

ಹೊರಡುವ ಮುನ್ನ ವೈದ್ಯರನ್ನು ಕೇಳಿ. ಊರಿನಿಂದ ಬರುವವರಿಗೆ ಆರೋಗ್ಯ ವಿಮೆ ಮೊದಲೇ ಮಾಡಿಸಿ. ಮಾತ್ರೆಗಳು ಗಾಡಿಮನೆಯಲ್ಲಲ್ಲ, ಕೈಚೀಲದಲ್ಲಿರಲಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ, ನೀರು ಕುಡಿಸಿ. ಎತ್ತರದಲ್ಲಿ ತಲೆನೋವು, ವಾಕರಿಕೆ, ಏದುಸಿರು ಬಂದರೆ ವಿಶ್ರಾಂತಿ ಕೊಡಿ. ಹೆಚ್ಚಾದರೆ ತಗ್ಗಿಗೆ ಇಳಿಯುವುದೇ ಮದ್ದು, ವೈದ್ಯರನ್ನೂ ಕಾಣಬೇಕು.

ನಿಲ್ಲುವ ಧೈರ್ಯವೂ ಬೇಕು

ವಯೋಮಿಂಗಿನ ಗಾಳಿ ಸಾಮಾನ್ಯದ್ದಲ್ಲ. ಬಿರುಗಾಳಿ ಬೀಸಿದರೆ ಹೆದ್ದಾರಿಯನ್ನು ಹಗುರವಾದ ಎತ್ತರದ ವಾಹನಗಳಿಗೆ ಮುಚ್ಚಿಬಿಡುತ್ತಾರೆ. ನಮಗೆ ರಾಲಿನ್ಸಿನಲ್ಲಿ ಗಾಳಿಯಿಂದ ಅರ್ಧ ದಿನ ಹೋಯಿತು. ಡುಬಾಯ್ಸ್ ತಲುಪಿದಾಗ ಮರುದಿನದ ಮಧ್ಯಾಹ್ನ ದಾಟಿತ್ತು. ಬೆಟ್ಟದ ಮೇಲೆ ಕಪ್ಪು ಮೋಡ, ಗುಡುಗು. "ಇನ್ನೊಂದು ಐವತ್ತೈದು ಮೈಲಿ ಕಣೇ, ದಾಟಿಬಿಡೋಣ. ದುಡ್ಡು ಕಟ್ಟಿದ ಜಾಗ" ಎಂದರು ನಮ್ಮವರು. ನಾನು ಅತ್ತೆಯ ಮುಖ ನೋಡಿದೆ. ಸೋತುಹೋಗಿತ್ತು. "ಒಂದು ರಾತ್ರಿಯ ದುಡ್ಡು ಹೋದ್ರೆ ಹೋಗ್ಲಿ, ಬೆಳಿಗ್ಗೆ ಹತ್ತೋಣ ರೀ" ಎಂದೆ. ಅವರು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡರು, ಆಮೇಲೆ ಒಪ್ಪಿದರು. ಮರುದಿನ ತಿಳಿಬಿಸಿಲಿನಲ್ಲಿ ಒಣಗಿದ ರಸ್ತೆಯ ಮೇಲೆ ಕಣಿವೆ ದಾಟಿ, ಕೆಳಗಿನ ಗೇರಿನಲ್ಲಿ ಮೆಲ್ಲಗೆ ಇಳಿಯುತ್ತಿರುವಾಗ ಎದುರಿಗೆ ಟೀಟನ್ ಶಿಖರಗಳು ಹಿಮ ಹೊತ್ತು ನಿಂತಿದ್ದವು. ಅತ್ತೆ ಮಾತಿಲ್ಲದೆ ಕೈ ಮುಗಿದರು.

ಆದ್ದರಿಂದ ಯೋಜನೆ ಹಾಕುವಾಗ ಒಂದೆರಡು ದಿನವನ್ನು ಖಾಲಿಯಾಗಿಯೇ ಬಿಡಿ. ದುಡ್ಡಿನಲ್ಲೂ ಒಂದೆರಡು ರಾತ್ರಿಯ ಖರ್ಚನ್ನು 'ಹೋದರೆ ಹೋಗಲಿ' ಎಂದು ತೆಗೆದಿಡಿ. ಹಾಗಿದ್ದರೆ 'ಇಲ್ಲೇ ನಿಲ್ಲೋಣ' ಎನ್ನಲು ಬಾಯಿ ಬರುತ್ತದೆ. ಪಕ್ಕದ ಸೀಟಿನಲ್ಲಿ ಕೂತವಳ ಮಾತೂ ಒಂದು ಬ್ರೇಕೇ, ಸೋದರಿಯರೆ. ಅದನ್ನು ಬೇಕಾದ ಕಡೆ ಬಳಸಲು ಹಿಂಜರಿಯಬೇಡಿ. ನಿಮ್ಮ ಪ್ರಯಾಣ ಸುಖಕರವಾಗಲಿ!