ವಿಕಿರಣ ಚಿಕಿತ್ಸೆ: ಅಂಜುವುದೂ ಬೇಡ, ಅರ್ಧಕ್ಕೆ ಬಿಡುವುದೂ ಬೇಡ

ಕ್ಯಾನ್ಸರ್ ರೋಗಿಗೆ ವೈದ್ಯರು ವಿಕಿರಣ ಚಿಕಿತ್ಸೆ ಸೂಚಿಸಿದೊಡನೆ ಮನೆಮಂದಿಯೆಲ್ಲ ದಿಗಿಲುಗೊಳ್ಳುತ್ತಾರೆ. ನಮ್ಮ ಜನ ಇದನ್ನು ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಅರ್ಧ ಭಯಕ್ಕೆ ಆ ಮಾತೇ ಕಾರಣ. ವಾಸ್ತವದಲ್ಲಿ ದೇಹಕ್ಕೆ ವಿದ್ಯುತ್ತನ್ನು ಹರಿಸುವುದಿಲ್ಲ. ಹೆಚ್ಚಿನ ಶಕ್ತಿಯ ಎಕ್ಸ್-ರೇ ಕಿರಣಗಳನ್ನು ಗಡ್ಡೆಯತ್ತ ಹಾಯಿಸುತ್ತಾರೆ. ಅವು ಕ್ಯಾನ್ಸರ್ ಕೋಶಗಳ ಡಿಎನ್‌ಎಯನ್ನು ಘಾಸಿಗೊಳಿಸಿ, ಅವು ವೃದ್ಧಿಯಾಗದಂತೆ ತಡೆಯುತ್ತವೆ. ಆರೋಗ್ಯವಂತ ಕೋಶಗಳಿಗೂ ಪೆಟ್ಟು ತಗಲುವುದುಂಟು. ಆದರೆ ಅವು ಬೇಗ ಚೇತರಿಸಿಕೊಳ್ಳುತ್ತವೆ. ಚಿಕಿತ್ಸೆಯನ್ನು ಹಲವು ದಿನಗಳಿಗೆ ಹಂಚುವುದು ಇದೇ ಕಾರಣದಿಂದ.

1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಯಂತ್ರದ ಚಿಕಿತ್ಸೆ ಆರಂಭವಾಯಿತು. ಆ ಕಾಲದ ಯಂತ್ರಗಳಲ್ಲಿ ಗಡ್ಡೆಯ ಸುತ್ತಲಿನ ಅಂಗಗಳೂ ಬಹಳಷ್ಟು ವಿಕಿರಣಕ್ಕೆ ಒಳಗಾಗುತ್ತಿದ್ದವು. ಇಂದು ಸಿ.ಟಿ. ಸ್ಕ್ಯಾನ್ ಆಧರಿಸಿ ಮೊದಲೇ ಯೋಜನೆ ಸಿದ್ಧಪಡಿಸುತ್ತಾರೆ. ಲೀನಿಯರ್ ಆಕ್ಸಿಲರೇಟರ್ ಯಂತ್ರದೊಳಗಿನ ತೆಳುವಾದ ಲೋಹದ ಪಟ್ಟಿಗಳು ಸರಿದಾಡಿ ಕಿರಣಕ್ಕೆ ಗಡ್ಡೆಯದೇ ಆಕಾರ ಕೊಡುತ್ತವೆ. ಎಡ ಸ್ತನದ ಚಿಕಿತ್ಸೆಯಲ್ಲಿ ರೋಗಿ ದೀರ್ಘವಾಗಿ ಉಸಿರೆಳೆದು ಹಿಡಿದಾಗ ಹೃದಯವು ಕಿರಣದ ದಾರಿಯಿಂದ ದೂರ ಸರಿಯುತ್ತದೆ.

ದಿನಗಳೂ ಕಡಿಮೆಯಾಗಿವೆ. ಸ್ತನ ಕ್ಯಾನ್ಸರಿಗೆ ಹಿಂದೆ 25 ಬಾರಿ ಕೊಡುತ್ತಿದ್ದ ಚಿಕಿತ್ಸೆ ಅನೇಕರಿಗೆ 15 ಬಾರಿಗೆ ಇಳಿದಿದೆ. ಆಯ್ದ ರೋಗಿಗಳಿಗೆ ಒಂದು ವಾರದ 5 ಬಾರಿಯ ಚಿಕಿತ್ಸೆಯೂ ಸಾಕಾಗುವುದೆಂದು ಬ್ರಿಟನ್ನಿನಲ್ಲಿ ನಡೆದ ಅಧ್ಯಯನವೊಂದು 2020ರಲ್ಲಿ ತಿಳಿಸಿತು.

ಆದರೆ ಎಷ್ಟೇ ಸುಧಾರಿಸಿದ ಯಂತ್ರವಾದರೂ ನಡುವೆಯೇ ನಿಲ್ಲಿಸಿದ ಚಿಕಿತ್ಸೆಯನ್ನು ಸಫಲಗೊಳಿಸಲಾರದು. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಕೆಲವು ವಾರಗಳಲ್ಲೇ ರಕ್ತಸ್ರಾವ ನಿಲ್ಲಬಹುದು. ‘ಗುಣವಾಯಿತು’ ಎಂದು ಊರಿಗೆ ಮರಳಿದರೆ ಉಳಿದ ಕೋಶಗಳು ಮತ್ತೆ ಬೆಳೆಯುತ್ತವೆ. ಹೊರಗಿನಿಂದ ಕೊಡುವ ವಿಕಿರಣ ಹಾಗೂ ಗರ್ಭಕೊರಳಿನ ಬಳಿಯೇ ವಿಕಿರಣ ಮೂಲವನ್ನಿರಿಸಿ ಕೊಡುವ ಬ್ರಾಕಿಥೆರಪಿ, ಎರಡೂ ಸುಮಾರು 8 ವಾರಗಳೊಳಗೆ ಮುಗಿಯಬೇಕು. ಬಿತ್ತನೆಯೇ ಇರಲಿ, ಹಬ್ಬ-ಜಾತ್ರೆಯೇ ಇರಲಿ, ಅದಕ್ಕಾಗಿ ಒಂದು ದಿನವನ್ನೂ ತಪ್ಪಿಸಬಾರದು.

ದಣಿವು, ಚರ್ಮ ಕಪ್ಪಾಗುವುದು, ಭೇದಿ ಮೊದಲಾದವು ಕಾಣಿಸಿಕೊಂಡರೆ ವೈದ್ಯರಿಗೆ ತಿಳಿಸಬೇಕೇ ಹೊರತು ತಾವಾಗಿಯೇ ಚಿಕಿತ್ಸೆ ನಿಲ್ಲಿಸಬಾರದು. ಚರ್ಮದ ಮೇಲೆ ಹಾಕಿದ ಗುರುತುಗಳನ್ನು ಉಜ್ಜಿ ಅಳಿಸಬಾರದು. ವೈದ್ಯರನ್ನು ಕೇಳದೆ ಆ ಜಾಗಕ್ಕೆ ಎಣ್ಣೆ, ಅರಿಶಿನ, ವಿಭೂತಿ ಹಚ್ಚಬಾರದು. ಎದೆಯ ಭಾಗಕ್ಕೆ ಚಿಕಿತ್ಸೆಯಾದರೆ, ಇಷ್ಟಲಿಂಗದ ಕರಡಿಗೆಯನ್ನು ಆ ಕೆಲವು ನಿಮಿಷ ಎಲ್ಲಿರಿಸಿಕೊಳ್ಳಬೇಕೆಂದು ಸಂಕೋಚಪಡದೆ ಮೊದಲ ದಿನವೇ ಸಿಬ್ಬಂದಿಯನ್ನು ಕೇಳಿಕೊಳ್ಳಬೇಕು.

ಹೊರಗಿನಿಂದ ವಿಕಿರಣ ಪಡೆದವರ ದೇಹದಲ್ಲಿ ಅದು ಉಳಿಯುವುದಿಲ್ಲ. ಅವರ ತಟ್ಟೆ-ಲೋಟ ಬೇರಿಡುವುದು, ಮೊಮ್ಮಕ್ಕಳನ್ನು ದೂರವಿಡುವುದು ಅನಗತ್ಯ, ನಿರ್ದಯವೂ ಹೌದು. ಆ ದಿನಗಳಲ್ಲಿ ರೋಗಿಗೆ ಬೇಕಾದುದು ಪೌಷ್ಟಿಕ ಆಹಾರ, ದಿನವೂ ಆಸ್ಪತ್ರೆಗೆ ಜೊತೆಯಾಗಿ ಬರುವ ಒಬ್ಬರು ಮತ್ತು ಧೈರ್ಯದ ಮಾತು. ಇವನ್ನು ನಾವೆಲ್ಲರೂ ನೀಡಬಲ್ಲೆವು.